ಒಡೆದ ಇಂಪ್ಲಾಂಟ್: ತುಮಕೂರಿನಲ್ಲಿ ನಾನು ಕಂಡಿದ್ದು, ಮಾಡಿದ್ದು

ತುಮಕೂರಿನಲ್ಲಿ ಪ್ಲಾಸ್ಟಿಕ್ ಸರ್ಜನ್ ಕೆಲಸ ಅಂದರೆ ಸುಟ್ಟ ಗಾಯ, ಮೇವು ಕತ್ತರಿಸೋ ಮಷೀನಿಗೆ ಸಿಕ್ಕ ಬೆರಳು, ಹೈವೇ ಆಕ್ಸಿಡೆಂಟಿನಲ್ಲಿ ಚರ್ಮ ಕಿತ್ತುಹೋದ ಕಾಲು. ಸ್ತನದ ಇಂಪ್ಲಾಂಟ್, ಅಂದರೆ ಸ್ತನದ ಆಕಾರಕ್ಕೆ ಅಂತ ಒಳಗೆ ಇಡುವ ಚೀಲ, ಅದರ ಕೇಸು ಅಪರೂಪ. ಬರುವವರಲ್ಲಿ ಎರಡು ಥರ. ಕ್ಯಾನ್ಸರ್‌ಗೆ ಸ್ತನ ತೆಗೆಸಿ, ಆ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡವರು ಒಂದು. ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಸೌಂದರ್ಯಕ್ಕೆ ಅಂತ ಮಾಡಿಸಿಕೊಂಡವರು ಇನ್ನೊಂದು. ಎರಡನೆಯವರು ಮನೆಯಲ್ಲಿ ಎಷ್ಟೋ ಸಲ ಹೇಳಿರುವುದೇ ಇಲ್ಲ. ಅದಕ್ಕೇ ಎದೆ ತೋರಿಸಲು ಬಂದ ಯಾರನ್ನೇ ಆಗಲಿ, ಜೊತೆಯವರನ್ನು ಒಂದು ನಿಮಿಷ ಹೊರಗೆ ಕೂರಿಸಿ, ನರ್ಸ್ ಒಬ್ಬರನ್ನು ಇಟ್ಟುಕೊಂಡು ಮಾತಾಡುತ್ತೇನೆ.

ನಾನು ಮೊದಲು ಕೇಳುವುದು ಒಳಗೆ ಏನು ತುಂಬಿದೆ ಅಂತ. ಉಪ್ಪುನೀರು, ಅಂದರೆ ಸಲೈನ್ ತುಂಬಿದ್ದರೆ ಕಷ್ಟವೇ ಇಲ್ಲ. ಒಡೆದ ಕೆಲವು ದಿನದಲ್ಲಿ ಎದೆ ಇಳಿದುಹೋಗುತ್ತದೆ, ನೀರನ್ನು ಮೈ ಹೀರಿಕೊಳ್ಳುತ್ತದೆ. ಕನ್ನಡಿ ನೋಡಿದರೇ ಗೊತ್ತಾಗುತ್ತದೆ. ಸಿಲಿಕಾನ್ ಜೆಲ್ ಹಾಗಲ್ಲ. ಯಾವುದೇ ಇಂಪ್ಲಾಂಟ್ ಹಾಕಿದರೂ ಮೈ ಅದರ ಸುತ್ತ ತನ್ನದೇ ಒಂದು ಪೊರೆ ಕಟ್ಟುತ್ತದೆ. ನಾವು ಅದಕ್ಕೆ ಕ್ಯಾಪ್ಸೂಲ್ ಅನ್ನುತ್ತೇವೆ. ಒಳಗಿನ ಚೀಲ ಹರಿದರೂ ಜೆಲ್ ಈ ಪೊರೆಯೊಳಗೇ ಉಳಿಯಬಹುದು. ಆಗ ನೋವಿಲ್ಲ, ಆಕಾರ ಬದಲಾಗುವುದಿಲ್ಲ, ಏನೂ ಗೊತ್ತಾಗುವುದಿಲ್ಲ. ಪೊರೆಯನ್ನೂ ದಾಟಿ ಜೆಲ್ ಹೊರಗೆ ಬಂದಾಗ ಗಂಟು, ನೋವು, ಎದೆ ಒಂದು ಕಡೆ ಸೊಟ್ಟಗಾಗುವುದು, ಕಂಕುಳಲ್ಲಿ ಗಡ್ಡೆ ಕಾಣಿಸಿಕೊಳ್ಳುತ್ತವೆ. ಬರೀ ಕೈಯಿಂದ ಮುಟ್ಟಿ 'ಏನೂ ಆಗಿಲ್ಲ, ಹೋಗಿಬನ್ನಿ' ಅನ್ನುವುದು ಸುಲಭ. ಸಿಲಿಕಾನ್ ವಿಷಯದಲ್ಲಿ ನಾನು ಆ ಮಾತು ಆಡುವುದಿಲ್ಲ.

ತಿಪಟೂರು ಕಡೆಯ ಒಬ್ಬ ಟೀಚರ್ ಬಂದಿದ್ದರು. ವರ್ಷಗಳ ಹಿಂದೆ ಕ್ಯಾನ್ಸರ್ ಆಗಿ, ಚಿಕಿತ್ಸೆ ಮುಗಿಸಿ, ಇಂಪ್ಲಾಂಟ್ ಹಾಕಿಸಿಕೊಂಡಿದ್ದವರು. ಈಗ ಅದೇ ಕಡೆಯ ಕಂಕುಳಲ್ಲಿ ಗಂಟು. ಕ್ಯಾನ್ಸರ್ ವಾಪಸ್ ಬಂತು ಅಂತ ಮನೆಯವರೆಲ್ಲ ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಅತ್ತೆ ಹರಳೆಣ್ಣೆ ಹಾಕಿ ತಿಕ್ಕುತ್ತಿದ್ದರಂತೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಒಡೆದ ಇಂಪ್ಲಾಂಟನ್ನು ಒತ್ತಿ ತಿಕ್ಕಿದರೆ ಪೊರೆಯೊಳಗೆ ಇದ್ದ ಜೆಲ್ ಹೊರಗೆ ಬರಬಹುದು.

ಅಲ್ಟ್ರಾಸೌಂಡ್‌ನಲ್ಲಿ ಆ ಗಂಟು ಪೂರ್ತಿ ಬೆಳ್ಳಗೆ, ಮಂಜು ಕವಿದ ಹಾಗೆ ಕಂಡಿತು. ಅದರ ಹಿಂದೆ ಏನಿದೆ ಅಂತಲೇ ಕಾಣದಷ್ಟು. ಕಂಕುಳಿನ ಲಿಂಫ್ ಗ್ರಂಥಿಗೆ, ಅಂದರೆ ಮೈಯ ದ್ರವವನ್ನು ಸೋಸುವ ಗ್ರಂಥಿಗೆ, ಸಿಲಿಕಾನ್ ಸೇರಿದ್ದರ ಗುರುತು ಇದು. ಆದರೆ ಅಷ್ಟಕ್ಕೇ ನಿಲ್ಲುವ ಹಾಗಿಲ್ಲ. ಒಮ್ಮೆ ಕ್ಯಾನ್ಸರ್ ಆದವರಲ್ಲಿ ಸಿಲಿಕಾನೂ ಇರಬಹುದು, ಕ್ಯಾನ್ಸರೂ ಇರಬಹುದು. ಕ್ಯಾನ್ಸರ್ ಇರುವ ಜಾಗ ಹೊಳೆದು ಕಾಣುವ ಪೆಟ್ ಸ್ಕ್ಯಾನ್ ಕೂಡ ಇಲ್ಲಿ ಮೋಸ ಮಾಡುತ್ತದೆ, ಸಿಲಿಕಾನ್ ತುಂಬಿದ ಗ್ರಂಥಿ ಅದರಲ್ಲೂ ಹೊಳೆಯಬಹುದು. ಅದಕ್ಕೇ ಸೂಜಿ ಹಾಕಿ ತುಣುಕು ತೆಗೆದು (ಬಯಾಪ್ಸಿ) ಪೆಥಾಲಜಿ ಲ್ಯಾಬಿಗೆ ಕಳಿಸಿದೆವು. ಬರೀ ಸಿಲಿಕಾನ್ ಅಂತ ಬಂತು. ಟೀಚರ್ ರಿಪೋರ್ಟನ್ನು ನನ್ನ ಕೈಯಿಂದ ತಗೊಂಡು ತಾವೇ ಇನ್ನೊಂದು ಸಲ ಓದಿದರು.

ಇಂಪ್ಲಾಂಟ್ ಒಳಗಿನ ಸ್ಥಿತಿಗೆ ಅಲ್ಟ್ರಾಸೌಂಡ್ ಮಾಡುವವರ ಕೈ ಪಳಗಿರಬೇಕು. ಹರಿದ ಚೀಲ ಜೆಲ್ ಒಳಗೆ ಮಡಚಿಕೊಂಡು, ಏಣಿ ಮೆಟ್ಟಿಲಿನಂತೆ ಅಡ್ಡಗೆರೆಗಳಾಗಿ ಕಾಣುತ್ತದೆ. ಚೆನ್ನಾಗಿರುವ ಇಂಪ್ಲಾಂಟ್‌ನಲ್ಲೂ ಮಡಿಕೆ ಇರುತ್ತವೆ, ಅವೂ ಗೆರೆಯ ಥರವೇ ಕಾಣುತ್ತವೆ. ಅನುಮಾನ ಉಳಿದರೆ ಎಂಆರ್‌ಐ. ಬೋರಲು ಮಲಗಿಸಿ, ಸ್ತನಕ್ಕೇ ಅಂತ ಇರುವ ಕಾಯಿಲ್, ಅಂದರೆ ಚಿತ್ರ ಹಿಡಿಯುವ ಸಾಧನ ಹಾಕಿ ತೆಗೆಯಬೇಕು. ಬರೀ ಒಡೆದಿದೆಯಾ ಅಂತ ನೋಡಲು, ಚಿತ್ರ ಎದ್ದು ಕಾಣಲಿ ಅಂತ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡ. ಕ್ಯಾನ್ಸರನ್ನೂ ಹುಡುಕಬೇಕಿದ್ದರೆ ಬೇಕು. ಟೀಚರ್‌ಗೆ ಬೇಕಿತ್ತು, ಬೆಂಗಳೂರಿಗೆ ಕಳಿಸಿದೆ. ಮ್ಯಾಮೋಗ್ರಾಂ ಪೊರೆ ದಾಟಿದ ಸಿಲಿಕಾನನ್ನು ತೋರಿಸೀತು, ಪೊರೆಯೊಳಗಿನ ಬಿರುಕನ್ನು ತೋರಿಸದು. ಏನೂ ತೊಂದರೆ ಇಲ್ಲದಿದ್ದರೂ ಸಿಲಿಕಾನ್ ಇಂಪ್ಲಾಂಟ್ ಹಾಕಿದ 5-6 ವರ್ಷಕ್ಕೆ ಒಮ್ಮೆ, ಆಮೇಲೆ 2-3 ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಅಂತ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಹೇಳಿತು. ನನ್ನ ಹತ್ತಿರ ಬಂದವರಲ್ಲಿ ಯಾರೂ ಮಾಡಿಸಿರಲಿಲ್ಲ. ಮಾಡಿಸಬೇಕು ಅಂತ ಅವರಿಗೆ ಯಾರಾದರೂ ಹೇಳಿದ್ದರೇ ತಾನೆ?

ಇನ್ನೊಂದು, ಇಂಪ್ಲಾಂಟ್ ಕಾರ್ಡ್. ಬ್ರ್ಯಾಂಡ್, ಸೈಜು, ಲಾಟ್ ನಂಬರ್ ಇರುವ ಆ ಚಿಕ್ಕ ಕಾರ್ಡನ್ನು ಬೀರುವಿನಿಂದ ಹುಡುಕಿ ತರಲು ಹೇಳುತ್ತೇನೆ. ಸುಮ್ನೆ ಅಲ್ಲ. ಫ್ರಾನ್ಸಿನ ಪಿಐಪಿ ಕಂಪನಿ ವೈದ್ಯಕೀಯ ಸಿಲಿಕಾನ್ ಬದಲು ಕೈಗಾರಿಕೆಯ ಸಿಲಿಕಾನ್ ತುಂಬಿದ್ದು 2010ರಲ್ಲಿ ಬಯಲಾಯಿತು. ಅವು ಬೇಗ ಒಡೆಯುತ್ತಿದ್ದವು. 2019ರಲ್ಲಿ ಅಲರ್ಗಾನ್ ಕಂಪನಿ ತನ್ನ ಬಯೋಸೆಲ್ ಅನ್ನೋ ತರಿತರಿ ಮೇಲ್ಮೈಯ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡಿತು. ಅವುಗಳ ಸುತ್ತಿನ ಪೊರೆಯಲ್ಲಿ ಒಂದು ಅಪರೂಪದ ಲಿಂಫೋಮಾ, ಅಂದರೆ ರೋಗನಿರೋಧಕ ಜೀವಕೋಶಗಳ ಕ್ಯಾನ್ಸರ್ ಬರುತ್ತಿತ್ತು. ಇಂಪ್ಲಾಂಟ್ ಹಾಕಿ ಎಷ್ಟೋ ಕಾಲವಾದ ಮೇಲೆ ಒಂದು ಎದೆ ನೀರು ತುಂಬಿ ಊದಿಕೊಂಡರೆ, ಆ ನೀರನ್ನು ತೆಗೆದು, ಈ ಲಿಂಫೋಮಾದ ಗುರುತು ಹುಡುಕುವ ಸಿಡಿ30 ಪರೀಕ್ಷೆಗೆ ಕಳಿಸಲೇಬೇಕು. ಅದಕ್ಕೆ ಮುಂಚೆ ಚಾಕು ಎತ್ತಬಾರದು.

ಒಡೆದಿದೆ ಅಂತ ಗೊತ್ತಾದ ಕೂಡಲೇ 'ಇವತ್ತೇ ತೆಗೀರಿ' ಅನ್ನುತ್ತಾರೆ. ಜ್ವರ, ಕೆಂಪಗಾಗುವುದು, ಕೀವು ಇಲ್ಲದಿದ್ದರೆ ಅಷ್ಟು ಅವಸರ ಇಲ್ಲ. ಸೋರಿದ ಜೆಲ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಅನ್ನುವುದಕ್ಕೂ ಆಧಾರವಿಲ್ಲ. ಹಾಗಂತ ವರ್ಷಗಟ್ಟಲೆ ಬಿಡುವುದೂ ಬೇಡ. ಜೆಲ್ ಹರಡಿದಷ್ಟೂ ತೆಗೆಯುವುದು ಕಷ್ಟ. ಟೀಚರ್ ಪರೀಕ್ಷೆ ಪೇಪರ್ ತಿದ್ದುವುದು ಮುಗಿಸಿ ಬರುತ್ತೇನೆ ಅಂದರು. ಸರಿ ಅಂದೆ.

ಆಪರೇಷನ್ನಿನಲ್ಲಿ ಹಳೇ ಗಾಯದ ಗೆರೆಯಲ್ಲೇ ಒಳಗೆ ಹೋದೆ. ಪೊರೆ ಬಿಚ್ಚುತ್ತಿದ್ದ ಹಾಗೇ ಜೆಲ್ ಹೊರಗೆ ಬಂತು. ಚೇಳೂರು ಸಂತೆಯಲ್ಲಿ ಹಲಸು ಬಿಡಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ, ಮೇಣದ ಥರ ಗ್ಲೌಸಿಗೂ ಕತ್ತರಿಗೂ ಅಂಟುತ್ತದೆ. ಸಕ್ಷನ್ ಪೈಪು ಕಟ್ಟಿಕೊಳ್ಳುತ್ತದೆ. ಸಲೈನ್ ಹಾಕಿ ತೊಳೆದರೆ ನೀರು ಮೇಲಿಂದ ಜಾರಿ ಹೋಗುತ್ತದೆ, ಜೆಲ್ ಅಲ್ಲೇ ಕೂತಿರುತ್ತದೆ. ಒಣ ಗಾಜ್‌ನಲ್ಲಿ ಒರೆಸಿ ಒರೆಸಿ ತೆಗೆಯುವುದೇ ದಾರಿ. ಗ್ಲೌಸ್ ಮತ್ತೆ ಮತ್ತೆ ಬದಲಾಯಿಸಬೇಕು, ಇಲ್ಲದಿದ್ದರೆ ಚೊಕ್ಕಟವಾದ ಕಡೆಗೂ ನಾವೇ ಹಚ್ಚಿಬಿಡುತ್ತೇವೆ. ಹೊಸಬ ಅಸಿಸ್ಟೆಂಟ್ ಇದ್ದರೆ ಈ ಹೊತ್ತಿಗೆ ಅವರಿಗೆ ಬೇಸರ ಬಂದಿರುತ್ತದೆ.

ತಲೆ ಓಡಿಸಬೇಕಾದ್ದು ಆಮೇಲೆ. ಏನು ತೆಗೆಯಬೇಕು, ಏನು ಬಿಡಬೇಕು? ಮೊಬೈಲಿನಲ್ಲಿ ವಿಡಿಯೋ ನೋಡಿ ಬಂದವರು 'ಪೊರೆ ಸಮೇತ ಇಡೀ ಗಡ್ಡೆಯ ಹಾಗೆ ಒಂದೇ ತುಂಡಾಗಿ ತೆಗೀರಿ' ಅನ್ನುತ್ತಾರೆ. ಲಿಂಫೋಮಾ ಇದ್ದರೆ ಹಾಗೇ ತೆಗೆಯಬೇಕು. ಬರೀ ಒಡೆದಿದ್ದಕ್ಕೆ ಅದು ಕಡ್ಡಾಯವಲ್ಲ. ಇಂಪ್ಲಾಂಟ್ ಸ್ನಾಯುವಿನ ಕೆಳಗಿದ್ದರೆ ಹಿಂಬದಿಯ ಪೊರೆ ಪಕ್ಕೆಲುಬಿಗೇ ಅಂಟಿರುತ್ತದೆ. ಹಟ ಹಿಡಿದು ಕೆರೆದರೆ ಶ್ವಾಸಕೋಶದ ಪೊರೆಗೇ ತೂತು ಬೀಳಬಹುದು. ಟೀಚರ್‌ಗೆ ಮುಂಬದಿಯ ದಪ್ಪ ಪೊರೆಯನ್ನೂ, ಜೆಲ್ ಸೇರಿ ಗಟ್ಟಿಯಾಗಿದ್ದ ಗಂಟುಗಳನ್ನೂ ತೆಗೆದೆ. ಪಕ್ಕೆಲುಬಿಗೆ ಅಂಟಿದ್ದ ತೆಳು ಪೊರೆಯನ್ನು ಒರೆಸಿ ಬಿಟ್ಟೆ. ಕಂಕುಳಿನ ಗ್ರಂಥಿಗೂ ಕೈ ಹಾಕಲಿಲ್ಲ. ಕ್ಯಾನ್ಸರ್ ಇಲ್ಲ ಅಂತ ಬಯಾಪ್ಸಿ ಹೇಳಿತ್ತು. ಅಲ್ಲಿ ಮತ್ತೆ ಕೊಯ್ದರೆ ಜೀವಮಾನವಿಡೀ ಕೈ ಬಾವು ಬರುವ ಭಯ ಜಾಸ್ತಿ. ತೆಗೆದದ್ದೆಲ್ಲ ಪೆಥಾಲಜಿಗೆ ಹೋಯಿತು. ಒಳಗೆ ಸೇರುವ ನೀರು ಹೊರಗೆ ಹೋಗಲು ಡ್ರೈನ್ ಪೈಪು ಇಟ್ಟು ಹೊಲಿದೆವು.

ಬದಲಿಗೆ ಇನ್ನೊಂದು ಇಂಪ್ಲಾಂಟ್ ಹಾಕಬಹುದು, ಬೆನ್ನಿನ ಅಥವಾ ಹೊಟ್ಟೆಯ ಸ್ವಂತ ಮಾಂಸದಿಂದ ಕಟ್ಟಬಹುದು, ಏನೂ ಬೇಡ ಅಂತಲೂ ಇರಬಹುದು. ಟೀಚರ್ 'ಸಾಕು ಡಾಕ್ಟ್ರೇ' ಅಂದರು. ಈಗ ಬ್ರಾ ಒಳಗೆ ಇಡುವ ಪ್ಯಾಡ್ ಬಳಸುತ್ತಿದ್ದಾರೆ. ಖರ್ಚಿನ ಬಗ್ಗೆ ಒಂದು ಮಾತು. ಸೌಂದರ್ಯದ ಸರ್ಜರಿಗೆ ಆರೋಗ್ಯ ವಿಮೆ ದುಡ್ಡು ಕೊಡುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ನಂತರದ ಪುನರ್‌ನಿರ್ಮಾಣಕ್ಕೆ ಆ ನಿಯಮದಿಂದ ವಿನಾಯಿತಿ ಇದೆ. ಕ್ಲೇಮ್ ಪತ್ರದಲ್ಲಿ ಬರೀ 'ಇಂಪ್ಲಾಂಟ್ ತೆಗೆಯುವಿಕೆ' ಅಂತ ಬರೆದರೆ ತಿರಸ್ಕಾರ ಆಗಬಹುದು. ನಾನು ಮೂಲ ಕ್ಯಾನ್ಸರಿನ ವಿವರವನ್ನೇ ಮೊದಲ ಸಾಲಿನಲ್ಲಿ ಬರೆಯುತ್ತೇನೆ.

ಡಿಸ್ಚಾರ್ಜ್ ಸಮರಿಯಲ್ಲಿ ಎಲ್ಲಿ ಸಿಲಿಕಾನ್ ಉಳಿದಿದೆ, ಯಾವ ಗ್ರಂಥಿಯನ್ನು ಬಿಟ್ಟಿದ್ದೇನೆ ಅಂತ ಸ್ಪಷ್ಟವಾಗಿ ಬರೆದು, ಬಯಾಪ್ಸಿ ರಿಪೋರ್ಟಿನ ಜೆರಾಕ್ಸ್ ಪಿನ್ ಮಾಡಿ ಕೊಟ್ಟೆ. ಮುಂದೆ ಎಲ್ಲೇ ಸ್ಕ್ಯಾನ್ ಮಾಡಿಸಿದರೂ ಆ ಗ್ರಂಥಿ ಹಾಗೇ ಬೆಳ್ಳಗೆ ಕಾಣುತ್ತದೆ. ಈ ಪೇಪರ್ ಜೊತೆಗಿಲ್ಲದಿದ್ದರೆ ಅಲ್ಲಿಯ ಡಾಕ್ಟರು ಮತ್ತೆ ಸೂಜಿ ಹಾಕಲೇಬೇಕಾಗುತ್ತದೆ.