ಹಳೇ ಕಾರು ಆಯಿಲ್ ಕುಡಿಯುತ್ತಿದ್ದರೆ ಇಂಜಿನ್ ಬಿಚ್ಚಿಸುವ ಮೊದಲು

ಮೊದಲು ಅಳತೆ ಮಾಡಿ. ಸಮತಟ್ಟಾದ ಜಾಗದಲ್ಲಿ ಇಂಜಿನ್ ಆಫ್ ಮಾಡಿ, 10 ನಿಮಿಷ ಬಿಟ್ಟು, ಡಿಪ್‌ಸ್ಟಿಕ್‌ನ ಮೇಲಿನ ಗುರುತಿನವರೆಗೆ ಆಯಿಲ್ ತುಂಬಿ. 1000 ಕಿ.ಮೀ. ಓಡಿಸಿದ ಮೇಲೆ ಅದೇ ಗುರುತಿಗೆ ತರಲು ಎಷ್ಟು ಬೇಕಾಯಿತು ನೋಡಿ. ಕಾಲು ಲೀಟರ್ ಆದರೆ ಟಾಪ್‌ಅಪ್ ಮಾಡುತ್ತ ಓಡಿಸಬಹುದು. ಒಂದು ಲೀಟರ್ ಹತ್ತಿರ ಹೋದರೆ ಕಾರಣ ಹುಡುಕಲೇಬೇಕು.

ಕೆಳಗೆ ಸೋರಿಕೆ ಇಲ್ಲವೇ? ಪಿಸಿವಿ ವಾಲ್ವ್ (ಇಂಜಿನ್ ಒಳಗಿನ ಆವಿಯನ್ನು ಮತ್ತೆ ಉರಿಯಲು ಕಳಿಸುವ ಚಿಕ್ಕ ವಾಲ್ವ್) ತೆಗೆದು ಅಲ್ಲಾಡಿಸಿ. ಟಕಟಕ ಸದ್ದು ಬರದಿದ್ದರೆ ಕಟ್ಟಿಕೊಂಡಿದೆ, ಬದಲಿಸಿ. ಇದು ಅಗ್ಗದ ಭಾಗ, ಆದರೂ ಬಹಳ ಮೆಕ್ಯಾನಿಕ್‌ಗಳು ಮುಟ್ಟುವುದೇ ಇಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ವಾಲ್ವ್ ಸೀಲ್‌ಗಳು (ವಾಲ್ವ್ ಪಕ್ಕದಿಂದ ಆಯಿಲ್ ಒಳಗೆ ಇಳಿಯದಂತೆ ತಡೆಯುವ ರಬ್ಬರ್) ಗಟ್ಟಿಯಾಗಿರುತ್ತವೆ. ಎಷ್ಟೋ ಇಂಜಿನ್‌ಗಳಲ್ಲಿ ಹೆಡ್ (ಇಂಜಿನ್ನಿನ ಮೇಲ್ಭಾಗ) ಇಳಿಸದೆಯೇ ಅವನ್ನು ಬದಲಿಸಬಹುದು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹೊಗೆ ಬಂದರೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ. ಪೆಟ್ರೋಲ್ ಇಂಜಿನ್ನಿನಲ್ಲಿ ಒತ್ತಡ ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಹಾಕಿದಾಗ ಒತ್ತಡ ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿವೆ ಎಂದರ್ಥ.

ಸಂಡೂರು, ತೋರಣಗಲ್ಲು ಕಡೆ ಅದಿರಿನ ಧೂಳಲ್ಲಿ ದಿನವೂ ಓಡಾಡುವವರು ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ನೋಡಿ. ಪೈಪಿನ ಕ್ಲಿಪ್ ಸಡಿಲವಿದ್ದರೆ ಆ ಧೂಳೇ ರಿಂಗ್ ಸವೆಸುತ್ತದೆ. ಬೇಸಿಗೆಗೆ ದಪ್ಪ ಆಯಿಲ್ ಹಾಕುವುದಾದರೆ ಕಾರಿನ ಮ್ಯಾನ್ಯುಯಲ್ ಒಪ್ಪುವ ಗ್ರೇಡ್ ಮಾತ್ರ ಹಾಕಿ.