ಎದೆಗೆ ಗಾರ್ಡ್ ಇದ್ದರೆ ಸಾಕಾ? ಡರ್ಟ್ ಬೈಕಿಗೆ ಪಕ್ಕೆಲುಬಿನ ಕವಚ ನಾನು ಆರಿಸಿದ್ದು ಹೀಗೆ

ಡರ್ಟ್ ಬೈಕ್ ಓಡಿಸುವವರು ಹೆಲ್ಮೆಟ್, ಬೂಟು, ಮೊಣಕಾಲಿನ ಗಾರ್ಡ್ ಅಂತ ಬಹಳ ತಲೆ ಕೆಡಿಸಿಕೊಳ್ಳುತ್ತಾರೆ. ಪಕ್ಕೆಲುಬಿನ ಮಾತು ಬಂದರೆ ಮಾತ್ರ "ಚೆಸ್ಟ್ ಪ್ರೊಟೆಕ್ಟರ್ ಇದೆಯಲ್ಲ" ಅಂದು ಸುಮ್ಮನಾಗುತ್ತಾರೆ. ನಿಮ್ಮ ಚೆಸ್ಟ್ ಪ್ರೊಟೆಕ್ಟರ್ ಹಾಕಿಕೊಂಡು, ಎರಡೂ ಕೈ ಮೇಲೆತ್ತಿ, ಕನ್ನಡಿ ಮುಂದೆ ಪಕ್ಕಕ್ಕೆ ತಿರುಗಿ ನಿಂತು ನೋಡಿ. ಕಂಕುಳಿನಿಂದ ಸೊಂಟದವರೆಗೆ ಏನಿದೆ? ಬಹಳಷ್ಟು ಕವಚಗಳಲ್ಲಿ ಒಂದು ಎಲಾಸ್ಟಿಕ್ ಪಟ್ಟಿ, ಒಂದು ಬಕಲ್. ಅಷ್ಟೆ.

ನನ್ನ ಪಕ್ಕೆಲುಬು ಮುರಿದದ್ದು ಆ ಜಾಗದಲ್ಲೇ. ದೊಡ್ಡ ಜಂಪ್ ಹಾರುವಾಗ ಬಿದ್ದದ್ದೇನಲ್ಲ. ಆಳವಾದ ಕೆಸರಿನ ಜಾಡಿನಲ್ಲಿ ನಿಧಾನಕ್ಕೆ ಹೋಗುತ್ತಿದ್ದೆ. ಮುಂದಿನ ಚಕ್ರ ಸಿಕ್ಕಿಕೊಂಡು ಹ್ಯಾಂಡಲ್ ಪೂರ್ತಿ ತಿರುಗಿತು. ಬೈಕು ಪಕ್ಕಕ್ಕೆ ಮಲಗಿತು, ನಾನು ಅದರ ಮೇಲೆ ಬಿದ್ದೆ. ಮೇಲಕ್ಕೆ ಚಾಚಿಕೊಂಡಿದ್ದ ಹ್ಯಾಂಡಲ್ ತುದಿ ಎಡಪಕ್ಕೆಗೆ ಬಡಿಯಿತು. ಎದೆ ಮೇಲಿದ್ದ ಪ್ಲಾಸ್ಟಿಕ್ ತಟ್ಟೆಗೆ ಒಂದು ಗೀರೂ ಆಗಿರಲಿಲ್ಲ. ಆಮೇಲೆ ಸೀನು ಬಂದರೆ ಗೋಡೆ ಹಿಡಿದು ನಿಲ್ಲುವ ಪರಿಸ್ಥಿತಿ. ನಗಿಸುವ ಗೆಳೆಯರನ್ನು ಮನೆಗೆ ಬರಬೇಡಿ ಅಂದಿದ್ದೆ.

ಹಾಸಿಗೆಯಲ್ಲಿ ಬಿದ್ದುಕೊಂಡಾಗ ಓದುವುದಕ್ಕೆ ಸಮಯ ಜಾಸ್ತಿ ಇರುತ್ತದೆ. ನಮಗೆ 12 ಜೊತೆ ಪಕ್ಕೆಲುಬು ಇರುತ್ತವೆ. ಮೇಲಿನ 7 ಜೊತೆ ನೇರವಾಗಿ ಎದೆಮೂಳೆಗೆ ಸೇರಿಕೊಂಡಿವೆ. 8ರಿಂದ 10ರವರೆಗಿನವು ತಮ್ಮ ಮೇಲಿನದರ ಮೃದ್ವಸ್ಥಿಗೆ (ಮೆತ್ತನೆಯ ಎಲುಬು, ಕಾರ್ಟಿಲೇಜ್) ಅಂಟಿಕೊಂಡಿವೆ. ಕೊನೆಯ ಎರಡು ಜೊತೆಗೆ ಮುಂದುಗಡೆ ಆಸರೆಯೇ ಇಲ್ಲ. ಮುರಿಯುವುದು ಹೆಚ್ಚಾಗಿ ನಡುವಿನವು, ಅಂದರೆ 4ರಿಂದ 9ರವರೆಗಿನವು. ಅದೂ ಬಾಗಿ ಹಿಂದಕ್ಕೆ ಹೋಗುವ ಪಕ್ಕದ ತಿರುವಿನಲ್ಲಿ ಜಾಸ್ತಿ. ಎದೆಯನ್ನು ಮುಂದಿನಿಂದ ಒತ್ತಿದರೂ ಎಲುಬು ಬಿಲ್ಲಿನಂತೆ ಬಾಗಿ ಪಕ್ಕದಲ್ಲೇ ಮುರಿಯಬಹುದು. ಇನ್ನು ಕೆಳಗಿನ ಪಕ್ಕೆಲುಬುಗಳ ಒಳಗೆ ಎಡಕ್ಕೆ ಗುಲ್ಮ (ಸ್ಪ್ಲೀನ್), ಬಲಕ್ಕೆ ಲಿವರ್, ಹಿಂದುಗಡೆ ಕಿಡ್ನಿಗಳಿವೆ. ಆದ್ದರಿಂದ ಕವಚ ಎದೆಯ ಕೆಳಗೆ, ಪಕ್ಕದಲ್ಲಿ ಎಲ್ಲಿಯವರೆಗೆ ಬರುತ್ತದೆ ಅನ್ನುವುದನ್ನೇ ಮೊದಲು ನೋಡಬೇಕು ಅಂತ ಆಗಲೇ ತೀರ್ಮಾನ ಮಾಡಿದೆ.

ಅಂಗಡಿಯಲ್ಲಿ "ಚೆಸ್ಟ್ ಪ್ರೊಟೆಕ್ಟರ್" ಅಂತ ನೇತುಹಾಕಿರುವುದರಲ್ಲಿ ಎರಡು ಬೇರೆ ಬೇರೆ ಜಾತಿ ಇವೆ. ನೋಡುವುದಕ್ಕೆ ಒಂದೇ ಥರ, ಕೆಲಸ ಬೇರೆ. ಒಂದು ರೂಸ್ಟ್ ಗಾರ್ಡ್. ಮುಂದಿನ ಬೈಕಿನ ಹಿಂಚಕ್ರ ಎರಚುವ ಕಲ್ಲು, ಮಣ್ಣುಹೆಂಟೆ ಎದೆಗೆ ಬಡಿಯದ ಹಾಗೆ ತಡೆಯುವುದು ಅದರ ಕೆಲಸ. ಯುರೋಪಿನ ಇಎನ್ 14021 ಅನ್ನುವ ಮಾನದಂಡ ಇರುವುದು ಇದಕ್ಕೆ. ಇನ್ನೊಂದು ಬಿದ್ದಾಗಿನ ಪೆಟ್ಟು ತಡೆಯುವುದಕ್ಕೆ ಮಾಡಿದ ಕವಚ. ಅದಕ್ಕೆ ಇಎನ್ 1621 ಸರಣಿ. 1621-1 ಭುಜ, ಮೊಣಕೈ, ಮೊಣಕಾಲಿನಂಥ ಭಾಗಗಳಿಗೆ, 1621-2 ಬೆನ್ನಿಗೆ, 1621-3 ಎದೆಗೆ, 1621-4 ಏರ್‌ಬ್ಯಾಗಿಗೆ. ಲೇಬಲ್ ಮೇಲೆ ಬರೀ 14021 ಇದ್ದರೆ ಅದನ್ನು ಕಲ್ಲಿನೇಟಿಗೆ ಮಾತ್ರ ನಂಬಬೇಕು. ಹ್ಯಾಂಡಲ್ ತುದಿಗೂ ಮರದ ಬೊಡ್ಡೆಗೂ ಅದನ್ನು ನಂಬಿಕೊಂಡು ಕೂರಬಾರದು.

ಲೇಬಲ್ ಮೇಲಿನ ಲೆವೆಲ್ 1, ಲೆವೆಲ್ 2 ಅಂದರೆ ಏನು ಅಂತ ಬೆನ್ನಿನ ಕವಚದ ಲೆಕ್ಕದಲ್ಲಿ ಹೇಳುತ್ತೇನೆ. ಪರೀಕ್ಷೆಯಲ್ಲಿ ಕವಚದ ಮೇಲೆ 50 ಜೂಲ್ ಪೆಟ್ಟು ಹಾಕುತ್ತಾರೆ. 5 ಕಿಲೋ ತೂಕ ಸುಮಾರು 1 ಮೀಟರ್ ಎತ್ತರದಿಂದ ಬಿದ್ದ ಹಾಗೆ. ಕವಚ ದಾಟಿ ಒಳಗೆ ಬರುವ ಬಲ ಸರಾಸರಿ 18 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 9 ಮೀರದಿದ್ದರೆ ಲೆವೆಲ್ 2. ಅಂದರೆ ಅರ್ಧಕ್ಕರ್ಧ ವ್ಯತ್ಯಾಸ. ಹಾಗಂತ ಲೆವೆಲ್ 1 ಹಾಕಿಕೊಂಡರೆ ನೋವಾಗುವುದಿಲ್ಲ ಅಂದುಕೊಳ್ಳಬೇಡಿ. 18 ಕಿಲೋನ್ಯೂಟನ್ ಅಂದರೆ ಹತ್ತಿರ ಹತ್ತಿರ 1.8 ಟನ್ ತೂಕ ಒತ್ತಿದಷ್ಟು ಬಲ, ಅದೂ ಕ್ಷಣಾರ್ಧದ ಮಾತು. ಲೇಬಲಿನಲ್ಲಿ ಇನ್ನೊಂದು ಸಂಗತಿ ಗಮನಿಸಿ. ಎದೆಯ ಗುರುತು ಎದೆಯ ತುಂಡಿಗೆ, ಬೆನ್ನಿನ ಗುರುತು ಬೆನ್ನಿನ ತುಂಡಿಗೆ. ಪಕ್ಕದಲ್ಲಿ ಹೊಲಿದಿರುವ ಫೋಮಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ. "ಲೆವೆಲ್ 2 ಸಾರ್" ಅಂತ ಅಂಗಡಿಯವರು ಹೇಳಿದರೆ ನಾನು ಕೇಳುವ ಮರುಪ್ರಶ್ನೆ ಒಂದೇ: "ಯಾವ ತುಂಡು?"

ಇಷ್ಟು ತಿಳಿದ ಮೇಲೆ ಮನೆಯಲ್ಲೇ ಒಂದು ಕೆಲಸ ಮಾಡಿದೆ. ಮೈಗೆ ಅಂಟಿಕೊಳ್ಳುವ ಹಳೇ ಟೀಶರ್ಟ್ ಹಾಕಿಕೊಂಡೆ. ಬೆರಳಿನಿಂದ ಕೊನೆಯ ಪಕ್ಕೆಲುಬಿನ ಅಂಚು ಹುಡುಕಿ, ಅದರ ಗುಂಟ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಕಂಕುಳಿನ ಕೆಳಗಿನಿಂದ ಆ ಗೆರೆಯವರೆಗಿನ ಜಾಗವನ್ನು ಎರಡೂ ಪಕ್ಕ ಬಳಿದೆ. ಗಾಯ ಆರಿದ ಮೇಲಿನ ಮಾತು ಇದು, ಮುಂಚೆ ಆಗಿದ್ದರೆ ಬೆರಳಿಡುವುದಕ್ಕೂ ಆಗುತ್ತಿರಲಿಲ್ಲ. ಆಮೇಲೆ ಗೆಳೆಯರ ಹತ್ತಿರ ಸಿಕ್ಕ ಕವಚಗಳನ್ನೆಲ್ಲ ತಂದು ಒಂದೊಂದಾಗಿ ಹಾಕಿಕೊಂಡೆ. ಬೈಕನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಫುಟ್‌ಪೆಗ್ ಮೇಲೆ ಎದ್ದು ನಿಂತು, ಮೊಣಕೈ ಹೊರಗೆ ಮಾಡಿ, ಮುಂದಕ್ಕೆ ಬಾಗಿದೆ. ತಮ್ಮ ಪಕ್ಕದಿಂದ ಫೋಟೋ ಹೊಡೆದ.

ಫೋಟೋ ನೋಡಿ ಆಶ್ಚರ್ಯವೇ ಆಯಿತು. ನೆಟ್ಟಗೆ ನಿಂತಾಗ ಚೆನ್ನಾಗಿ ಮುಚ್ಚಿದ್ದ ಕವಚ, ಮುಂದಕ್ಕೆ ಬಾಗಿ ಕೈ ಚಾಚಿದ ಕೂಡಲೇ ಮೇಲಕ್ಕೆ ಸರಿದಿತ್ತು. ಕೆಳಗಿನ ಎರಡು ಮೂರು ಪಕ್ಕೆಲುಬಿನ ಸುಣ್ಣ ಪೂರ್ತಿ ಕಾಣುತ್ತಿತ್ತು. ರೂಸ್ಟ್ ಗಾರ್ಡಿನಲ್ಲಂತೂ ಮುಂದಿನ ತಟ್ಟೆಗೂ ಹಿಂದಿನ ತಟ್ಟೆಗೂ ನಡುವೆ ಅಂಗೈ ಅಗಲಕ್ಕಿಂತ ಜಾಸ್ತಿ ಜಾಗ ಖಾಲಿ. ಜಾಳಿಗೆ ಬಟ್ಟೆಯ ಉದ್ದತೋಳಿನ ಆರ್ಮರ್ ಜಾಕೆಟ್ ಪರವಾಗಿಲ್ಲ, ಭುಜ, ಮೊಣಕೈ ಎಲ್ಲಾ ಸೇರಿಸಿಕೊಂಡಿತ್ತು. ಆದರೆ ಬಟ್ಟೆ ಸಡಿಲ ಆದದ್ದರಿಂದ ಪ್ಯಾಡು ಅತ್ತ ಇತ್ತ ಓಡಾಡುತ್ತಿತ್ತು. ಸುಣ್ಣವನ್ನು ಹೆಚ್ಚು ಮುಚ್ಚಿದ್ದು ಮೈಗೆ ಬಿಗಿಯಾಗಿ ಕೂರುವ, ಪಕ್ಕಕ್ಕೆ ಬೇರೆಯಾಗಿ ಪ್ಯಾಡ್ ಹೊಲಿದಿದ್ದ ವೆಸ್ಟ್. ಕಿಡ್ನಿ ಬೆಲ್ಟ್ ಇದ್ದರೆ ಪಕ್ಕೆಗೂ ಆಯ್ತಲ್ವಾ ಅಂತ ತಮ್ಮ ಕೇಳಿದ. ಅದು ಸೊಂಟ, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ಕುಲುಕಾಟ ಕಡಿಮೆ ಮಾಡುವ ಅಗಲದ ಎಲಾಸ್ಟಿಕ್. ಸಾಮಾನ್ಯ ಬೆಲ್ಟಿನಲ್ಲಿ ಪಕ್ಕೆಗೆ ಬೀಳುವ ಪೆಟ್ಟು ತಡೆಯುವುದಕ್ಕೆ ಏನೂ ಇರುವುದಿಲ್ಲ.

ಹೀಗಾಗಿ ವೆಸ್ಟ್ ಅಂತ ನಿಶ್ಚಯ ಮಾಡಿದೆ. ಉಳಿದದ್ದು ಪಕ್ಕದ ಪ್ಯಾಡು ಎಂಥದ್ದಿರಬೇಕು ಅನ್ನುವ ಪ್ರಶ್ನೆ. ಡಿ3ಓ ಥರದ ಫೋಮ್‌ಗಳು ಸುಮ್ನೆ ಇದ್ದಾಗ ಮೆತ್ತಗೆ ಬಾಗುತ್ತವೆ, ಪೆಟ್ಟು ಬಿದ್ದ ಕ್ಷಣ ಗಟ್ಟಿಯಾಗುತ್ತವೆ. ಬಾಗುವುದರಿಂದ ಪಕ್ಕೆಗೆ ಚೆನ್ನಾಗಿ ಹೊಂದುತ್ತವೆ, ಮೈಯಿಂದ ಎದ್ದು ನಿಲ್ಲುವುದಿಲ್ಲ. ಚಪ್ಪಟೆ ನೆಲಕ್ಕೆ ಬೀಳುವ ಪೆಟ್ಟಿಗೆ ಇವು ಒಳ್ಳೆಯವೇ. ಆದರೆ ಹ್ಯಾಂಡಲ್‌ಬಾರಿನ ಕೊಳವೆ ಗ್ರಿಪ್ ಜಾಗದಲ್ಲಿ ಸುಮಾರು 22 ಮಿಲಿಮೀಟರ್ ಅಗಲ. ಅಷ್ಟು ಚಿಕ್ಕ ಜಾಗದಲ್ಲಿ ನನ್ನ ಪೂರ್ತಿ ಭಾರ ಇಳಿದರೆ ಮೆತ್ತನೆಯ ಫೋಮ್ ಒಂದೇ ಸಾಕಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೇಲೊಂದು ಗಟ್ಟಿ ಹಾಳೆ ಬೇಕು. ಅದು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ, ಕೆಳಗಿನ ಫೋಮ್ ಅದನ್ನು ಹೀರಿಕೊಳ್ಳುತ್ತದೆ. ಗಟ್ಟಿ ಹಾಳೆ ದೊಡ್ಡದಾದರೆ ಮೈ ತಿರುಗಿಸಿದಾಗ ಸೊಂಟಕ್ಕೆ ಚುಚ್ಚುತ್ತದೆ. ಅದಕ್ಕೇ ಒಂದರ ಮೇಲೊಂದು ಸರಿಯುವ ಚಿಕ್ಕ ಚಿಕ್ಕ ಪಟ್ಟಿಗಳಿರುವುದನ್ನು ಹುಡುಕಿದೆ.

ಅಂಗಡಿಯಲ್ಲಿ ಒಂದು ಸುಲಭದ ಪರೀಕ್ಷೆ ಮಾಡಿದೆ. ಪ್ಯಾಡನ್ನು ಅಂಗೈ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಪೆನ್ನಿನ ಹಿಂಬದಿಯಿಂದ ಜೋರಾಗಿ ಒತ್ತಿದೆ. ಪೆನ್ನು ಎಲ್ಲಿ ಒತ್ತುತ್ತಿದೆ ಅಂತ ಕೆಳಗಿನ ಅಂಗೈಗೆ ಸ್ಪಷ್ಟವಾಗಿ ಗೊತ್ತಾದರೆ ಆ ಪ್ಯಾಡು ಭಾರವನ್ನು ಹರಡುತ್ತಿಲ್ಲ ಅಂತ ಅರ್ಥ. ಇದು ಪ್ರಯೋಗಾಲಯದ ಪರೀಕ್ಷೆಗೆ ಸಮ ಅಲ್ಲ. ನಿಧಾನವಾಗಿ ಒತ್ತಿದಾಗ ಡಿ3ಓ ಥರದ್ದು ಗಟ್ಟಿಯಾಗುವುದೂ ಇಲ್ಲ, ಹಾಗಾಗಿ ಅವುಗಳ ಮಟ್ಟಿಗೆ ಈ ಪರೀಕ್ಷೆ ಅನ್ಯಾಯವೇ. ಆದರೂ ಬರೀ ತೋರಿಕೆಗೆ ಹೊಲಿದ ತೆಳು ಸ್ಪಾಂಜು ಇದರಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ಒಂದೆರಡು ವೆಸ್ಟ್‌ಗಳ ಪಕ್ಕದಲ್ಲಿ ಅಂಥ ಸ್ಪಾಂಜೇ ಇತ್ತು.

ಚಳಿಯಲ್ಲೋ ಬಿಸಿಲಲ್ಲೋ ಓಡಿಸುವವರು ಲೇಬಲಿನಲ್ಲಿ ಟಿ ಪ್ಲಸ್, ಟಿ ಮೈನಸ್ ಗುರುತು ಇದೆಯಾ ನೋಡಿ. 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿಯೂ ಪರೀಕ್ಷೆ ಪಾಸಾಗಿದ್ದರೆ ಟಿ ಪ್ಲಸ್, ಮೈನಸ್ 10ರಲ್ಲಿ ಪಾಸಾಗಿದ್ದರೆ ಟಿ ಮೈನಸ್. ಮೃದು ಫೋಮ್ ಬಿಸಿಗೆ ಇನ್ನೂ ಮೆತ್ತಗಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಮೈಗೆ ಅಂಟಿಕೊಂಡ ವೆಸ್ಟ್ ಒಳಗೆ ಬೆವರು, ಬಿಸಿ ಎಷ್ಟಿರುತ್ತದೆ ಅಂತ ಓಡಿಸಿದವರಿಗೆ ಗೊತ್ತೇ ಇದೆ. ನಾನು ಟಿ ಪ್ಲಸ್ ಇರುವುದನ್ನೇ ಬೇಕು ಅಂತ ಕೇಳಿದೆ.

ಅಳತೆಯ ವಿಚಾರಕ್ಕೆ ಸ್ವಲ್ಪ ಹೊತ್ತು ಕೊಡಿ. ಟೀಶರ್ಟಿನ ಅಳತೆ ಹೇಳಿ ಕವಚ ತೆಗೆದುಕೊಳ್ಳುವುದು ಬೇಡ. ಬೆನ್ನಿನ ಕವಚದ ಅಳತೆ ಸೊಂಟದಿಂದ ಭುಜದವರೆಗಿನ ಉದ್ದದ ಮೇಲೆ ಇರುತ್ತದೆ, ಲೇಬಲಿನಲ್ಲೇ ಸೆಂಟಿಮೀಟರ್ ಲೆಕ್ಕ ಬರೆದಿರುತ್ತಾರೆ. ವೆಸ್ಟಿಗಾದರೆ ಇದರ ಜೊತೆ ಎದೆಯ ಸುತ್ತಳತೆಯೂ ಬೇಕು. ಹಾಕಿಕೊಂಡು ಪೂರ್ತಿ ಉಸಿರು ಎಳೆದುಕೊಳ್ಳಿ. ಎಲಾಸ್ಟಿಕ್ ಹಿಗ್ಗಬೇಕು, ಉಸಿರಿಗೆ ಅಡ್ಡ ಬರಬಾರದು. ಕುಳಿತು ಏಳುವುದನ್ನು ಏದುಸಿರು ಬರುವವರೆಗೆ ಮಾಡಿ ನೋಡಿದರೆ ಇನ್ನೂ ಒಳ್ಳೆಯದು, ಟ್ರೇಲಿನಲ್ಲಿ ನಿಮ್ಮ ಉಸಿರಾಟ ಹಾಗೇ ಇರುತ್ತದೆ. ಆಮೇಲೆ ಯಾರಿಗಾದರೂ ಹೇಳಿ ಪಕ್ಕದ ಪ್ಯಾಡು ಹಿಡಿದು ಮೇಲಕ್ಕೆ, ಹಿಂದಕ್ಕೆ ಎಳೆಸಿ. ಕೈಯಲ್ಲಿ ಎಳೆದರೇ ಜಾರುವ ಪ್ಯಾಡು ನೆಲದ ಮೇಲೆ ಉಜ್ಜಿಕೊಂಡು ಹೋಗುವಾಗ ಇರುವ ಕಡೆ ಇರುವುದಿಲ್ಲ. ನನಗೆ ಒಂದು ಅಳತೆ ಸಡಿಲ, ಅದರ ಕೆಳಗಿನದು ಬಿಗಿ ಅನ್ನಿಸಿತು. ಬಿಗಿಯದ್ದನ್ನೇ ಆರಿಸಿದೆ. ಹಾಕಿ ಹಾಕಿ ಸ್ವಲ್ಪ ಬಿಡುತ್ತದೆ.

ಈಗ ನನ್ನ ಪದ್ಧತಿ ಹೀಗಿದೆ: ಒಳಗೆ ವೆಸ್ಟ್, ಅದರ ಮೇಲೆ ಜೆರ್ಸಿ. ಜೆರ್ಸಿ ಮೇಲೆ ಇದ್ದರೆ ಕೊಂಬೆ, ಮುಳ್ಳು ಪಟ್ಟಿಗಳಿಗೆ ಸಿಕ್ಕಿಕೊಳ್ಳುವುದಿಲ್ಲ. ಟ್ರ್ಯಾಕಿನಲ್ಲಿ ಬೇರೆಯವರ ಹಿಂದೆ ಓಡಿಸುವ ದಿನ ಮಾತ್ರ ಹಗುರವಾದ ರೂಸ್ಟ್ ಗಾರ್ಡನ್ನು ಜೆರ್ಸಿ ಮೇಲೆ ಹಾಕಿಕೊಳ್ಳುತ್ತೇನೆ. ನೆಕ್ ಬ್ರೇಸ್ (ಕುತ್ತಿಗೆ ಕಾಯುವ ಕವಚ) ಹಾಕುವವರು ಅದನ್ನೂ ಅಂಗಡಿಗೆ ತೆಗೆದುಕೊಂಡು ಹೋಗಬೇಕು. ಬ್ರೇಸ್ ಮೈ ಮೇಲೆ ನೇರವಾಗಿ ಕೂರಬೇಕು. ಎದೆ ತಟ್ಟೆಯ ಮೇಲಂಚು ಅದನ್ನು ಎತ್ತಿ ಹಿಡಿದರೆ ಎರಡೂ ಕೆಟ್ಟವು. ಕೆಲವು ಕವಚಗಳಲ್ಲಿ ಮೇಲಿನ ತುಂಡನ್ನು ಬ್ರೇಸಿಗಾಗಿ ಕಳಚಬಹುದು. ನೀರಿನ ಬ್ಯಾಗಿನ ಪಟ್ಟಿ ಪಕ್ಕದ ಪ್ಯಾಡನ್ನು ಮೇಲಕ್ಕೆ ಎಳೆಯುತ್ತದಾ ಅಂತಲೂ ನೋಡಿ. ನನ್ನದು ಎಳೆಯುತ್ತಿತ್ತು. ಬ್ಯಾಗಿನ ಎದೆಪಟ್ಟಿ ಒಂದು ಹಂತ ಮೇಲಕ್ಕೆ ಹಾಕಿದೆ, ಸರಿಹೋಯಿತು.

ಏರ್‌ಬ್ಯಾಗ್ ವೆಸ್ಟ್ ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಬೇಡ ಅಂತ ಅಲ್ಲ. ಡಕಾರ್ ರ‍್ಯಾಲಿಯಲ್ಲಿ 2021ರಿಂದ ಬೈಕ್ ಸವಾರರಿಗೆ ಅದು ಕಡ್ಡಾಯ. ಆದರೆ ನಾನು ಓಡಿಸುವುದು ಇಕ್ಕಟ್ಟಿನ ಕಾಡುದಾರಿಯಲ್ಲಿ. ನಿಧಾನಕ್ಕೆ ಪದೇ ಪದೇ ಬೀಳುವುದು ಅಲ್ಲಿ ಮಾಮೂಲು. ನಡಿಗೆ ವೇಗದಲ್ಲಿ ಹ್ಯಾಂಡಲ್ ಮೇಲೆ ಬಿದ್ದಾಗ ಅದು ಉಬ್ಬಿಯೇ ಉಬ್ಬುತ್ತದೆ ಅಂತ ನಂಬಿಕೊಳ್ಳುವುದಕ್ಕಿಂತ, ಯಾವಾಗಲೂ ಇದ್ದ ಜಾಗದಲ್ಲೇ ಇರುವ ಪ್ಯಾಡು ನನಗೆ ಮೇಲು. ವೇಗದ ರ‍್ಯಾಲಿ ಓಡಿಸುವವರ ಲೆಕ್ಕ ಬೇರೆ.

ಯಾವ ವೆಸ್ಟ್ ಹಾಕಿದರೂ ಬೈಕೇ ಎದೆ ಮೇಲೆ ಬಿದ್ದರೆ ಪಕ್ಕೆಲುಬು ಮುರಿಯಬಹುದು. ಬಿದ್ದ ಮೇಲೆ ಉಸಿರು ಸಾಲದೆ ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಹೊಟ್ಟೆ ಬಿಗಿದರೆ, ಅಥವಾ ಭುಜಕ್ಕೆ ಏಟೇ ಬೀಳದಿದ್ದರೂ ಎಡಭುಜದ ತುದಿ ನೋಯತೊಡಗಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಆ ಭುಜದ ನೋವು ಗುಲ್ಮಕ್ಕೆ ಪೆಟ್ಟಾದ ಸೂಚನೆ ಇರಬಹುದು. ಎಕ್ಸ್‌ರೇಯಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಮುರಿದಿಲ್ಲ ಅಂತಲೂ ಅಲ್ಲ, ಸಣ್ಣ ಬಿರುಕು ಅದರಲ್ಲಿ ತಪ್ಪಿಹೋಗುತ್ತದೆ. ಎದೆಗೆ ಬಿಗಿಯಾಗಿ ಬಟ್ಟೆ ಸುತ್ತುವ ಹಳೇ ಪದ್ಧತಿ ಈಗ ಬಿಟ್ಟಿದ್ದಾರೆ. ಹಾಗೆ ಸುತ್ತಿದರೆ ಆಳವಾಗಿ ಉಸಿರಾಡುವುದಕ್ಕೆ ಆಗುವುದಿಲ್ಲ, ಆಳವಾಗಿ ಉಸಿರಾಡದಿದ್ದರೆ ನ್ಯುಮೋನಿಯಾ ಆಗುವ ಅಪಾಯ ಜಾಸ್ತಿ.

ಕವಚದ ಆರೈಕೆ ದೊಡ್ಡ ಕೆಲಸವೇನಲ್ಲ. ಪ್ಯಾಡು ತೆಗೆದು ಬಟ್ಟೆ ಒಗೆಯುತ್ತೇನೆ, ಪ್ಯಾಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸುತ್ತೇನೆ. ಜೋರಾಗಿ ಬಿದ್ದ ಮೇಲೆ ಪ್ರತಿ ಗಟ್ಟಿ ಹಾಳೆಯನ್ನೂ ಬಾಗಿಸಿ ನೋಡುತ್ತೇನೆ. ಪ್ಲಾಸ್ಟಿಕ್ಕಿನಲ್ಲಿ ಬಿಳಿ ಗೆರೆ ಮೂಡಿದ್ದರೆ, ಫೋಮಿನಲ್ಲಿ ಬಿದ್ದ ತಗ್ಗು ಹಾಗೇ ಉಳಿದಿದ್ದರೆ ಅದನ್ನು ಬದಲಾಯಿಸುತ್ತೇನೆ. ಅದರ ಜೊತೆಗೇ ಹ್ಯಾಂಡಲ್ ತುದಿಗಳನ್ನೂ ನೋಡುತ್ತೇನೆ. ಪದೇ ಪದೇ ಬಿದ್ದರೆ ಗ್ರಿಪ್ಪಿನ ರಬ್ಬರ್ ಹರಿದು ಕೊಳವೆಯ ಬಾಯಿ ಹೊರಗೆ ಬರುತ್ತದೆ. ಹಾಗೆ ತೆರೆದ ಕೊಳವೆ ಮೈಗೆ ನೆಡಬಹುದು. ರೇಸುಗಳಲ್ಲಿ ಹ್ಯಾಂಡಲ್ ತುದಿ ಮುಚ್ಚಿರಲೇಬೇಕು ಅನ್ನುವ ನಿಯಮ ಇರುವುದೂ ಅದಕ್ಕೇ. ಕೊಳವೆಯ ಬಾಯಿ ಮುಚ್ಚುವ ಬಾರ್ ಎಂಡ್ ಪ್ಲಗ್ ಕೂರಿಸುವುದಕ್ಕೆ ಒಂದು ಅಲೆನ್ ಕೀ ಸಾಕು, ಐದು ನಿಮಿಷದ ಕೆಲಸ. ತುದಿ ಸುತ್ತುವ ಹ್ಯಾಂಡ್‌ಗಾರ್ಡ್ ಹಾಕಿದ್ದರೂ ಅದನ್ನು ಹಿಡಿದಿರುವ ಬೋಲ್ಟ್ ಸಡಿಲ ಆಗಿದೆಯಾ ಅಂತ ಒಮ್ಮೆ ತಿರುಗಿಸಿ ನೋಡಿ.