ಎಂಜಿನ್ ಬಿಚ್ಚದೆಯೇ ಹೀಟ್ ಇಳಿಸಿದ್ದು: ನನ್ನ ಅನುಭವ

"ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು." ಹೀಟ್ ಆಗುತ್ತಿದ್ದ ನನ್ನ ಹಳೇ ಕಾರಿನ ಬಾನೆಟ್ ಎತ್ತಿದವರೆಲ್ಲ ಹೇಳಿದ್ದು ಇದೇ ಮಾತು. ಕೆಲವರು ಬಾನೆಟ್ ಎತ್ತದೆಯೂ ಹೇಳಿದರು. ಗಾಡಿಗೆ ಮೂವತ್ತು ವರ್ಷ ದಾಟಿದೆ. ಕಾರ್ಬ್ಯುರೇಟರ್ ಎಂಜಿನ್, ಸಿಲಿಂಡರುಗಳಿರುವ ಕಬ್ಬಿಣದ ಬ್ಲಾಕ್, ಅದರ ಮೇಲೆ ಮುಚ್ಚಳದ ಹಾಗೆ ಕೂರುವ ಅಲ್ಯೂಮಿನಿಯಂ ಹೆಡ್, ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್. ಈ ಜಾತಕ ಕೇಳಿದರೆ ಸಾಕು, ಹೆಡ್ ವಾರ್ಪ್ ಆಗಿದೆ (ಬಾಗಿದೆ) ಅಂತ ತೀರ್ಪು ಬಂದೇಬಿಡುತ್ತದೆ. ಕಡು ಬೇಸಿಗೆಯೂ ಕಳೆಯಿತು. ಹೆಡ್ ಬೋಲ್ಟಿಗೆ ನಾನು ಸ್ಪ್ಯಾನರ್ ತಾಗಿಸಿಲ್ಲ. ಟೆಂಪರೇಚರ್ ಮೀಟರಿನ ಮುಳ್ಳು ಅರ್ಧ ದಾಟುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಂದರೆ ಇದ್ದದ್ದು ಹೀಗೆ. ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು ನಿಂತರೂ ಏನೂ ಆಗುತ್ತಿರಲಿಲ್ಲ. ಹೈವೇಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸಿದರೆ, ಇಲ್ಲವೇ ಉದ್ದನೆಯ ಏರು ಸಿಕ್ಕಿದರೆ, ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಈ ಕೆಲಸ ಗೊತ್ತಿದ್ದವರಿಗೆ ಇಷ್ಟು ಸಾಕು. ನಿಂತಾಗ ಬಿಸಿಯಾದರೆ ಗಾಳಿಯ ಕಡೆ ನೋಡಬೇಕು, ಓಡುವಾಗ ಬಿಸಿಯಾದರೆ ನೀರಿನ ಕಡೆ. ಆದರೂ ಮೊದಲು ಸಿಕ್ಕ ಸಲಹೆ ಫ್ಯಾನ್ ಬದಲಿಸಿ ಅಂತ! ಒಂದು ಎಲೆಕ್ಟ್ರಿಕ್ ಫ್ಯಾನ್ ಎರವಲು ತಂದು ಕಟ್ಟಿ ನೋಡಿದೆ. ಹೈವೇಯಲ್ಲಿ ಒಂದು ಡಿಗ್ರಿಯೂ ಇಳಿಯಲಿಲ್ಲ. ರಾತ್ರಿ ಹೆಡ್‌ಲೈಟ್ ಹಾಕಿದರೆ ಹಳೇ ಆಲ್ಟರ್ನೇಟರ್ ಒದ್ದಾಡುತ್ತಿತ್ತು. ಬಿಚ್ಚಿ ವಾಪಸ್ ಕೊಟ್ಟೆ.

ಒಟ್ಟು ಖರ್ಚಿನಲ್ಲಿ ಹೆಚ್ಚುಕಮ್ಮಿ ಅರ್ಧ ಹೋಗಿದ್ದು ರೇಡಿಯೇಟರಿಗೆ. ಗ್ಯಾರೇಜಿನವರು ಹಳೇದು ಕಟ್ಟಿಕೊಂಡಿದೆ ಎಂದರು, ಹೊಸದು ಹಾಕಿದರು. ಕೆಲವು ದಿನ ಚೆನ್ನಾಗಿತ್ತು, ಆಮೇಲೆ ಅದೇ ಕಥೆ. ಆಗ ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಂಡೆ. ಈ ಇಡೀ ವ್ಯವಹಾರದಲ್ಲಿ ದುಡ್ಡಿಗೆ ನ್ಯಾಯ ಒದಗಿಸಿದ ಮೊದಲ ಸಾಮಾನು ಅದೇ. ರೇಡಿಯೇಟರಿನ ಮೇಲಿನಿಂದ ಕೆಳಗೆ ಹಿಡಿದುಕೊಂಡು ಹೋದೆ. ನಡುವೆ ಎಲ್ಲೂ ತಣ್ಣನೆಯ ಜಾಗ ಇಲ್ಲ, ಉಷ್ಣತೆ ಒಂದೇ ಸಮನೆ ಇಳಿಯುತ್ತಿತ್ತು. ಅಂದಮೇಲೆ ಹೊಸ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ. ಬಿಸಿ ಬರುತ್ತಿರುವುದು ಬೇರೆ ಕಡೆಯಿಂದ.

ಗ್ಯಾಸ್ಕೆಟ್ ಅನುಮಾನವನ್ನು ಮೊದಲೇ ತೀರಿಸಿಕೊಂಡೆ. ರೇಡಿಯೇಟರ್ ಬಾಯಿಗೆ ಇಟ್ಟು ಗಾಳಿ ಎಳೆಯುವ ನೀಲಿ ದ್ರವದ ಟೆಸ್ಟರ್ ಇದೆಯಲ್ಲ, ಅದು. ನೀರಿಗೆ ಸಿಲಿಂಡರಿನ ಗ್ಯಾಸ್ ಬರುತ್ತಿದ್ದರೆ ನೀಲಿ ಹಳದಿಗೆ ತಿರುಗುತ್ತದೆ. ತಣ್ಣಗಿದ್ದಾಗಲೂ ನೋಡಿದೆ, ಏರು ಹತ್ತಿಸಿ ತಂದ ಮೇಲೂ ನೋಡಿದೆ. ನೀಲಿ ನೀಲಿಯಾಗೇ ಇತ್ತು. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ನಾಲ್ಕರಲ್ಲೂ ಹತ್ತು ಬಾರ್ ಆಸುಪಾಸು, ಅಂದರೆ ಎಲ್ಲೂ ಸೋರುತ್ತಿಲ್ಲ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದರೆ ಮೇಲಿನ ಹೋಸ್ ಕೂಡಲೇ ಗಟ್ಟಿಯಾಗುತ್ತಿರಲಿಲ್ಲ; ನೀರಿಗೆ ಗ್ಯಾಸ್ ನುಗ್ಗುತ್ತಿದ್ದರೆ ಹಾಗಾಗುತ್ತದೆ. ಹೆಡ್ ಇಳಿಸಿ, ಫೇಸಿಂಗ್ ಮಾಡಿಸಿ (ತಳ ಸಮ ಮಾಡಿಸಿ), ಗ್ಯಾಸ್ಕೆಟ್ ಹಾಕುವ ಖರ್ಚಿನ ಮುಂದೆ ಈ ಟೆಸ್ಟಿನ ಖರ್ಚು ಏನೇನೂ ಅಲ್ಲ. ಆದರೂ ಹೇಳಿದವರಲ್ಲಿ ಒಬ್ಬರೂ ಮಾಡಿ ನೋಡಿರಲಿಲ್ಲ.

ಥರ್ಮೋಸ್ಟ್ಯಾಟ್ ವಿಷಯ ಸ್ವಲ್ಪ ಉದ್ದ. ನೀರು ಕಾದ ಮೇಲೆ ಮಾತ್ರ ಅದನ್ನು ರೇಡಿಯೇಟರಿಗೆ ಬಿಡುವ ವಾಲ್ವ್ ಅದು. ಹಿಂದೆ ಯಾರೋ ಅದನ್ನು ಕಿತ್ತು ಬಿಸಾಡಿದ್ದರು, ಎಂಜಿನ್ ತಣ್ಣಗಿರಲಿ ಅಂತ. ಬೈಪಾಸ್ ಇರುವ ಎಂಜಿನ್ನಿನಲ್ಲಿ ಇದು ಉಲ್ಟಾ ಹೊಡೆಯುತ್ತದೆ. ಮುಖ್ಯ ವಾಲ್ವ್ ತೆರೆದಾಗ ಕೆಳಗಿನ ಸಣ್ಣ ತಟ್ಟೆ ಹೋಗಿ ಬೈಪಾಸ್ ತೂತನ್ನು ಮುಚ್ಚಬೇಕು. ಥರ್ಮೋಸ್ಟ್ಯಾಟೇ ಇಲ್ಲದಿದ್ದರೆ ಒಂದಷ್ಟು ಬಿಸಿನೀರು ರೇಡಿಯೇಟರ್ ಮುಖ ನೋಡದೆ ಎಂಜಿನ್ನಿಗೇ ವಾಪಸ್ ಬರುತ್ತದೆ. ಆ ಕೆಳತಟ್ಟೆ ಇಲ್ಲದ ಮಾಡೆಲ್ ಹಾಕಿದರೂ ಅದೇ ಗತಿ. ಅಂಗಡಿಯವರು ಎರಡೂ ಒಂದೇ ಎನ್ನುತ್ತಾರೆ, ನಂಬಬೇಡಿ. ಸರಿಯಾದದ್ದು ಎರಡು ತಂದು, ಪಾತ್ರೆಯಲ್ಲಿ ನೀರಿಟ್ಟು ಕಾಯಿಸಿದೆ. ಎರಡರ ಮೇಲೂ 82 ಡಿಗ್ರಿ ಅಂತ ಇತ್ತು. ಒಂದು 82ಕ್ಕೆ ಬಾಯಿ ಬಿಟ್ಟಿತು. ಇನ್ನೊಂದು 90 ಹತ್ತಿರ ಬಂದರೂ ಅಲ್ಲಾಡಲಿಲ್ಲ. ಹೊಸದು ಅಂದ ಮಾತ್ರಕ್ಕೆ ಸರಿ ಇರುತ್ತದೆ ಅಂತೇನಿಲ್ಲ. ಒಳ್ಳೆಯದನ್ನು ಹಾಕಿದ ಮೇಲೆ ಸ್ವಲ್ಪ ಸುಧಾರಿಸಿತು. ಏರಿನಲ್ಲಿ ಮಾತ್ರ ಹಳೇ ರಗಳೆ.

ಒಂದು ದಿನ ಬಾನೆಟ್ ತೆಗೆದಿಟ್ಟು, ಗೆಳೆಯನಿಗೆ ಆಕ್ಸಿಲರೇಟರ್ ಒತ್ತಲು ಹೇಳಿ, ರೇಡಿಯೇಟರಿನಿಂದ ಪಂಪ್ ನೀರೆಳೆಯುವ ಕೆಳಗಿನ ಹೋಸನ್ನೇ ನೋಡುತ್ತಾ ನಿಂತೆ. ಐಡಲ್‌ನಲ್ಲಿ ದುಂಡಗೆ ಇತ್ತು. 3000 ಆರ್‌ಪಿಎಂ ದಾಟಿದ್ದೇ ತಡ, ನಡುವೆ ಕೆನ್ನೆ ಒಳಗೆಳೆದುಕೊಂಡ ಹಾಗೆ ಚಪ್ಪಟೆಯಾಯಿತು. ಕಾಲು ತೆಗೆದರೆ ಮತ್ತೆ ದುಂಡಗೆ. ಬಿಚ್ಚಿ ನೋಡಿದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದು ತುಂಡಾಗಿತ್ತು. ಸ್ಪ್ರಿಂಗ್ ಇರುವ ಹೊಸ ಹೋಸ್ ಹಾಕಿದೆ, ಹೈವೇ ಬಿಸಿ ಅರ್ಧಕ್ಕರ್ಧ ಹೋಯಿತು.

ಉಳಿದರ್ಧ ಬ್ಲಾಕಿನಲ್ಲಿತ್ತು. ಥರ್ಮಾಮೀಟರನ್ನು ಬ್ಲಾಕಿನ ಉದ್ದಕ್ಕೂ ಹಿಡಿದೆ. ಮುಂದಿನ ಸಿಲಿಂಡರ್ ಹತ್ತಿರ 88-90. ಹಿಂದಕ್ಕೆ ಹೋದ ಹಾಗೆ ಏರುತ್ತಾ, ನಾಲ್ಕನೆಯದರ ಕೆಳಗೆ 110 ದಾಟಿತು. ಮೀಟರಿನ ಸೆನ್ಸರ್ ಇರುವುದು ಮುಂದೆ, ಥರ್ಮೋಸ್ಟ್ಯಾಟ್ ಮನೆಯಲ್ಲಿ. ಹಿಂದಿನ ಪಾಡು ಅದಕ್ಕೆಲ್ಲಿ ಗೊತ್ತಾಗಬೇಕು? ಎಂಜಿನ್ ಆರಿದ ಮೇಲೆ ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿದೆ. ಒಂದು ಹನಿ ನೀರು ಬರಲಿಲ್ಲ. ತಂತಿ ತೂರಿಸಿ ಕೆದಕಿದ ಮೇಲೆ ಕಂದು ರಾಡಿ ಮುದ್ದೆಮುದ್ದೆಯಾಗಿ ಬಂತು. ವರ್ಷಗಟ್ಟಲೆ ನಲ್ಲಿ ನೀರು ಕುಡಿದ ಬ್ಲಾಕ್. ತುಕ್ಕು, ಸುಣ್ಣ, ಫೌಂಡ್ರಿಯಿಂದಲೇ ಉಳಿದ ಅಚ್ಚಿನ ಮರಳು, ಎಲ್ಲ ಹಿಂದೆ ಹೋಗಿ ಕೂತಿತ್ತು.

ಬ್ಲಾಕಿನ ಪಕ್ಕದ ತೂತುಗಳನ್ನು ಮುಚ್ಚಿರುವ ಬಿಲ್ಲೆಗಳಲ್ಲಿ (ಕೋರ್ ಪ್ಲಗ್) ಹಿಂದಿನ ಎರಡನ್ನು ಕಿತ್ತೆ. ಇದನ್ನು ಕೇಳಿದ್ದೇ ಮೆಕ್ಯಾನಿಕ್ ನಕ್ಕುಬಿಟ್ಟರು, "ಅಷ್ಟು ಮಾಡೋ ಬದಲು ಎಂಜಿನ್ ಇಳಿಸಿ ಸಾರ್" ಎಂದರು. ಹಳೇ ಕ್ಲಚ್ ಕೇಬಲಿನ ಒಳತಂತಿಯ ತುದಿ ಬಿಡಿಸಿ, ಡ್ರಿಲ್ಲಿಗೆ ಕಚ್ಚಿಸಿ, ನಿಧಾನವಾಗಿ ಒಳಗೆ ಆಡಿಸಿದೆ. ಕೆದಕುವುದು, ವ್ಯಾಕ್ಯೂಮಿನಲ್ಲಿ ಎಳೆಯುವುದು, ಥರ್ಮೋಸ್ಟ್ಯಾಟ್ ತೆಗೆದು ಮೇಲಿನಿಂದ ನೀರು ಬಿಡುವುದು. ಕೈ ನೋಯುವ ಕೆಲಸ. ಬಂದ ರಾಡಿ ಅರ್ಧ ಬಕೆಟ್ ಇತ್ತು ಅಂದರೆ ಸುಳ್ಳಲ್ಲ. ರೇಡಿಯೇಟರ್ ಮತ್ತು ಹೀಟರ್ ಎರಡನ್ನೂ ಮೊದಲೇ ಲೈನಿನಿಂದ ಬಿಡಿಸಿ, ಇಲ್ಲದಿದ್ದರೆ ಎದ್ದ ಕಸವೆಲ್ಲ ಹೊಸ ರೇಡಿಯೇಟರಿಗೆ ಹೋಗಿ ಕೂರುತ್ತದೆ.

ಆಮೇಲೆ ಉಳಿದ ತುಕ್ಕು, ಸುಣ್ಣ ಕರಗಿಸಲು ಸಿಟ್ರಿಕ್ ಆಸಿಡ್. ಎಷ್ಟು ಹಾಕಿದೆ, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಬಿಟ್ಟೆ, ಅದು ನನ್ನ ಹತ್ತಿರವೇ ಇರಲಿ. ಅಲ್ಯೂಮಿನಿಯಂ ಹೆಡ್ ಇರುವವರು ನನ್ನ ಅಳತೆ ನಂಬಿ ಹೊರಟರೆ ಕಷ್ಟ. ನಾನೂ ಮೊದಲು ಗುಜರಿಯ ಅಲ್ಯೂಮಿನಿಯಂ ಬ್ರಾಕೆಟ್ ಮುಳುಗಿಸಿ ನೋಡಿಯೇ ಹಾಕಿದ್ದು. ಕೊನೆಯಲ್ಲಿ ಅಡುಗೆ ಸೋಡಾ ನೀರು, ಮತ್ತೆ ಸಾದಾ ನೀರು, ಬಣ್ಣ ತಿಳಿಯಾಗುವ ತನಕ.

ಕೈ ಹಾಕಿದ ಮೇಲೆ ವಾಟರ್ ಪಂಪನ್ನೂ ಬಿಚ್ಚಿದೆ. ಸೋರಿಕೆ ಇಲ್ಲ, ಬೇರಿಂಗ್ ಗಟ್ಟಿ. ಆದರೆ ನೀರು ತಳ್ಳುವ ತಗಡಿನ ಇಂಪೆಲ್ಲರ್ ರೆಕ್ಕೆಗಳು ತುಕ್ಕು ತಿಂದು ಅರ್ಧಕ್ಕೆ ಇಳಿದಿದ್ದವು. ಹೊಸ ಪಂಪಿಗೆ ದುಡ್ಡು ಸ್ವಲ್ಪ ಜಾಸ್ತಿಯಾದರೂ ಎರಕದ ಇಂಪೆಲ್ಲರ್ ಇರುವುದನ್ನೇ ತಂದೆ. ರೇಡಿಯೇಟರ್ ಕ್ಯಾಪ್ 0.9 ಬಾರ್ ಹಿಡಿಯಬೇಕಿತ್ತು, ಟೆಸ್ಟರಿಗೆ ಹಾಕಿದರೆ ಅದರ ಮೂರನೇ ಒಂದು ಭಾಗಕ್ಕೇ ಬಿಟ್ಟುಕೊಟ್ಟಿತು. ಒತ್ತಡ 0.1 ಬಾರ್ ಕಮ್ಮಿಯಾದರೆ ನೀರು ಕುದಿಯುವ ಮಟ್ಟ ಸುಮಾರು ಎರಡು ಡಿಗ್ರಿ ಇಳಿಯುತ್ತದೆ. ಎಲ್ಲಕ್ಕಿಂತ ಅಗ್ಗದ ಪಾರ್ಟ್ ಅದು, ಎಲ್ಲರೂ ಕೊನೆಗೆ ನೋಡುವುದೂ ಅದನ್ನೇ. ಇಗ್ನಿಷನ್ ಟೈಮಿಂಗನ್ನು ನಾಕಿಂಗ್ (ಎಂಜಿನ್ನಿನ ಕಟಕಟ ಸದ್ದು) ನಿಲ್ಲಿಸಲು ಯಾರೋ ತುಂಬಾ ರಿಟಾರ್ಡ್ ಮಾಡಿಟ್ಟಿದ್ದರು, ಅಂದರೆ ಕಿಡಿ ತಡವಾಗಿ ಹೊತ್ತುತ್ತಿತ್ತು. ಗುರುತಿಗೆ ತಂದ ಮೇಲೆ ಎಳೆತವೂ ಬಂತು, ಏರಿನಲ್ಲಿ ಮೂರ್ನಾಲ್ಕು ಡಿಗ್ರಿಯೂ ಇಳಿಯಿತು.

ಡಿಸ್ಟಿಲ್ಡ್ ನೀರು, ಕೂಲಂಟ್ ಸಮಸಮ ಹಾಕಿ, ಕಾರಿನ ಮೂತಿ ಎತ್ತರಕ್ಕೆ ನಿಲ್ಲಿಸಿ, ಹೀಟರ್ ವಾಲ್ವ್ ತೆರೆದು ಗಾಳಿ ತೆಗೆದೆ. ಈಗ ಅದೇ ಏರಿನಲ್ಲಿ ಬ್ಲಾಕಿನ ಹಿಂದೆ 95 ಆಸುಪಾಸು. ರೇಡಿಯೇಟರ್ ಬಿಟ್ಟು ಲೆಕ್ಕ ಹಾಕಿದರೆ, ಎಂಜಿನ್ ಕೆಲಸಕ್ಕೆ ಕೇಳಿದ್ದ ದುಡ್ಡಿನ ಕಾಲು ಭಾಗವೂ ಆಗಿಲ್ಲ.

ಮೇಲಿನ ಹೋಸ್ ರೇಡಿಯೇಟರಿಗೆ ಸೇರುವ ಕಡೆ ಹಳೇ ನೈಲಾನ್ ಸಾಕ್ಸಿನ ತುಂಡೊಂದನ್ನು ಜಾಲರಿಯ ಹಾಗೆ ಸಿಕ್ಕಿಸಿದ್ದೆ. ಮೊದಲ ಸಲ ಬಿಚ್ಚಿದಾಗ ಒಂದು ಚಮಚ ಮರಳು ಸಿಕ್ಕಿತು, ಆಮೇಲೆ ನಾಲ್ಕಾರು ಕಾಳು. ಅಲ್ಲಿಗೆ ತೆಗೆದು ಬಿಸಾಡಿದೆ. ಹಾಗೇ ಬಿಟ್ಟರೆ ಅದೇ ಕಟ್ಟಿಕೊಂಡು ಮತ್ತೆ ಹೀಟ್ ಆಗುತ್ತದೆ.